ಕರೆಂಟ್ ಕೊಟ್ಟಿದ್ದಕ್ಕೆ ಸೊಂಟದಲ್ಲಿ ಮೂಳೆ ಬೆಳೆಯಿತೇ?

ಪ್ರಶ್ನೆ: ನಮ್ಮ ಯಜಮಾನರಿಗೆ 36 ವರ್ಷ. ಕಳೆದ ಮಳೆಗಾಲದಲ್ಲಿ ಅಡಿಕೆಗೆ ಕೊಳೆ ಔಷಧಿ ಹೊಡೆಯುವಾಗ ಮರದಿಂದ ಬಿದ್ದರು. ಬೆನ್ನುಮೂಳೆ ಮುರಿದು, ಆಪರೇಷನ್ ಮಾಡಿ ರಾಡು, ಸ್ಕ್ರೂ ಹಾಕಿದ್ದಾರೆ. ಹೊಕ್ಕುಳದಿಂದ ಕೆಳಗೆ ಸ್ವಾಧೀನ ಇಲ್ಲ, ಮುಟ್ಟಿದರೂ ಗೊತ್ತಾಗುವುದಿಲ್ಲ. ಮನೆಗೆ ಬಂದ ಮೇಲೆ ಫಿಸಿಯೋಥೆರಪಿಯವರೊಬ್ಬರು ವಾರಕ್ಕೆ ಮೂರು ದಿನ ಬಂದು ಕಾಲಿಗೆ ವ್ಯಾಯಾಮ ಮಾಡಿಸಿ, ತೊಡೆಗೆ ಪ್ಯಾಡ್ ಅಂಟಿಸಿ ಕರೆಂಟ್ ಕೊಡುತ್ತಿದ್ದರು. ತೊಡೆ ಮಿಡಿಯುವುದನ್ನು ನೋಡಿ ನಮಗೆಲ್ಲ ಆಸೆ ಬಂದಿತ್ತು. ಎರಡು ತಿಂಗಳು ಕಳೆಯುವಷ್ಟರಲ್ಲಿ ಬಲತೊಡೆ ಊದಿಕೊಂಡು ಬಿಸಿಯಾಯಿತು, ಸಣ್ಣ ಜ್ವರವೂ ಬಂತು. ರಕ್ತ ಹೆಪ್ಪುಗಟ್ಟಿರಬಹುದು ಎಂದು ಸ್ಕ್ಯಾನ್ ಮಾಡಿದರು, ಇರಲಿಲ್ಲ. ಊತ ಸ್ವಲ್ಪ ಇಳಿದರೂ ಕಾಲು ಮಡಚಲು ಬಾರದಾಯಿತು. ಈಗ ಎಕ್ಸ್‌ರೇಯಲ್ಲಿ ಸೊಂಟದ ಕೀಲಿನ ಸುತ್ತ ಮಾಂಸದೊಳಗೆ ಮೂಳೆ ಬೆಳೆದಿದೆ ಎಂದಿದ್ದಾರೆ.

ಮುರಿದ ಮೂಳೆ ಕೂಡಿಸಲು ಕರೆಂಟ್ ಕೊಡುತ್ತಾರಂತೆ, ಹಾಗಾಗಿ ಕರೆಂಟಿನಿಂದಲೇ ಇದು ಬೆಳೆದಿದೆ ಎಂದು ನನ್ನ ಮೈದುನ ಹೇಳುತ್ತಾನೆ. ಅತ್ತೆಯವರು, ನೀನು ದಿನಾ ಎಣ್ಣೆ ಹಚ್ಚಿ ತಿಕ್ಕಿದ್ದಕ್ಕೇ ಹೀಗಾಯಿತು ಎನ್ನುತ್ತಾರೆ. ಕಾಲು ಗಟ್ಟಿಯಾಗುತ್ತಿದೆ ಎಂದು ನಾನೇ ಎಳೆದು ಮಡಚಿದ್ದೂ ಉಂಟು. ಫಿಸಿಯೋದವರನ್ನು ಬರಬೇಡಿ ಎಂದುಬಿಟ್ಟಿದ್ದೇವೆ. ಹಾಲು, ಕ್ಯಾಲ್ಸಿಯಂ ಮಾತ್ರೆ ಕೊಡುವುದನ್ನೂ ನಿಲ್ಲಿಸಿದ್ದೇನೆ. ಇದು ಕ್ಯಾನ್ಸರ್ ಆಗುತ್ತದೆಯೇ? ಕೊಯ್ದು ತೆಗೆಯಬೇಕೇ? ಇವರು ಈಗ ಏನೂ ಬೇಡ ಎಂದು ಗೋಡೆ ಕಡೆ ತಿರುಗಿ ಮಲಗಿಬಿಡುತ್ತಾರೆ. ತಪ್ಪು ನನ್ನಿಂದ ಆಗಿದೆಯೇ, ದಯವಿಟ್ಟು ಹೇಳಿ.

(ಹೆಸರು ಬೇಡ, ಸಾಗರ ತಾಲ್ಲೂಕು)

ಉತ್ತರ: ತಂಗಿ, ನೀವು ಕೊನೆಯಲ್ಲಿ ಕೇಳಿದ್ದಕ್ಕೆ ಮೊದಲು ಉತ್ತರ ಹೇಳುತ್ತೇನೆ. ತಪ್ಪು ನಿಮ್ಮದಲ್ಲ. ಆ ಫಿಸಿಯೋದವರದೂ ಅಲ್ಲ. ನಿಮ್ಮ ಯಜಮಾನರಿಗೆ ಆಗಿರುವುದು ಬೆನ್ನುಹುರಿಗೆ ಪೆಟ್ಟಾದವರಲ್ಲಿ ವೈದ್ಯರು ನೂರು ವರ್ಷಗಳಿಂದ ಕಾಣುತ್ತಾ ಬಂದಿರುವ ತೊಂದರೆ. ಹೆಟೆರೊಟೋಪಿಕ್ ಆಸಿಫಿಕೇಶನ್ ಎಂದು ಇದರ ಹೆಸರು. ಆಸ್ಪತ್ರೆಯಲ್ಲಿ ಚಿಕ್ಕದಾಗಿ ಎಚ್‌ಒ ಎನ್ನುತ್ತಾರೆ, ಚೀಟಿಯಲ್ಲಿ ಆ ಎರಡಕ್ಷರ ಕಂಡರೆ ಇದೇ ಎಂದು ತಿಳಿಯಿರಿ. ಮೂಳೆ ಇರಬಾರದ ಕಡೆ, ಅಂದರೆ ಸ್ನಾಯುವಿನ ನಡುವೆ, ಕೀಲಿನ ಸುತ್ತಲಿನ ಮಾಂಸದಲ್ಲಿ, ನಿಜವಾದ ಮೂಳೆಯೇ ಬೆಳೆಯುವುದು.

ಮೊದಲ ಮಹಾಯುದ್ಧದಲ್ಲಿ ಬೆನ್ನಿಗೆ ಗುಂಡೇಟು ಬಿದ್ದು ಕಾಲು ಸ್ವಾಧೀನ ಕಳೆದುಕೊಂಡ ಸೈನಿಕರನ್ನು ಪರೀಕ್ಷಿಸುತ್ತಿದ್ದ ಫ್ರಾನ್ಸಿನ ನರರೋಗ ತಜ್ಞೆ ಆಗಸ್ಟಾ ಡೆಜೆರಿನ್-ಕ್ಲುಂಪ್ಕೆ ಮತ್ತು ಅವರ ಸಹೋದ್ಯೋಗಿ ಸೆಯ್ಯಿಯೇ 1918ರಲ್ಲಿ ಇದನ್ನು ವಿವರವಾಗಿ ಬರೆದಿಟ್ಟರು. ಅವರು ಕಂಡದ್ದನ್ನೇ ಇವತ್ತಿಗೂ ನಾವು ಕಾಣುತ್ತೇವೆ: ಪೆಟ್ಟು ಬಿದ್ದ ಮಟ್ಟದಿಂದ ಕೆಳಗೆ ಮಾತ್ರ ಬರುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಸೊಂಟದ ಕೀಲಿನ ಸುತ್ತ, ಆಮೇಲೆ ಮಂಡಿಯಲ್ಲಿ. ಸಾಮಾನ್ಯವಾಗಿ ಪೆಟ್ಟಾದ ಮೂರನೆಯ ವಾರದಿಂದ ಮೂರನೆಯ ತಿಂಗಳೊಳಗೆ ತಲೆಯೆತ್ತುತ್ತದೆ. ಬೆನ್ನುಹುರಿಗೆ ಪೆಟ್ಟಾದ 100 ಜನರಲ್ಲಿ ಎಷ್ಟು ಮಂದಿಗೆ ಬರುತ್ತದೆ ಎಂಬುದಕ್ಕೆ ಬೇರೆ ಬೇರೆ ಅಧ್ಯಯನಗಳಲ್ಲಿ 10ರಿಂದ ಹಿಡಿದು 50ರವರೆಗೂ ಲೆಕ್ಕ ಸಿಕ್ಕಿದೆ. ಕೀಲು ಪೂರ್ತಿ ಬಿಗಿದುಹೋಗುವುದು ಅವರಲ್ಲಿ ಕೆಲವರಿಗೆ ಮಾತ್ರ. ಗಂಡಸರಿಗೆ, ಚಿಕ್ಕ ವಯಸ್ಸಿನವರಿಗೆ, ಸ್ಪರ್ಶವೂ ಚಲನೆಯೂ ಪೂರ್ತಿ ಹೋದವರಿಗೆ ಹೆಚ್ಚು. ನೀವು ಬರೆದಿರುವ ದಿನಗಳ ಲೆಕ್ಕ, ಜಾಗ, ಊತ, ಬಿಸಿ, ಜ್ವರ ಎಲ್ಲವೂ ಇದಕ್ಕೆ ತಾಳೆಯಾಗುತ್ತವೆ. ಮೊದಲು ರಕ್ತ ಹೆಪ್ಪುಗಟ್ಟಿದೆಯೇ ಎಂದು ನೋಡಿದ ವೈದ್ಯರು ಸರಿಯಾದ ಕೆಲಸವನ್ನೇ ಮಾಡಿದ್ದಾರೆ. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ, ಹೆಪ್ಪುಗಟ್ಟಿದ ರಕ್ತ ಜೀವಕ್ಕೇ ಅಪಾಯ. ಮೂಳೆ ಬೆಳೆಯತೊಡಗಿದ ಮೊದಲ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ. ಹಾಗಾಗಿ ಆಗಲೇ ಯಾಕೆ ಹೇಳಲಿಲ್ಲ ಎಂದು ಯಾರ ಮೇಲೂ ಸಿಟ್ಟಾಗಬೇಡಿ.

ಈಗ ಕರೆಂಟಿನ ವಿಚಾರ. ಮೂಳೆ ಕೂಡಿಸಲು ಕರೆಂಟ್ ಕೊಡುತ್ತಾರೆ ಎಂದು ನಿಮ್ಮ ಮೈದುನ ಕೇಳಿರುವುದು ಸುಳ್ಳಲ್ಲ. ಮೂಳೆಯನ್ನು ಒತ್ತಿದಾಗ ಅದರಲ್ಲಿ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ ಎಂದು ಜಪಾನಿನ ಫುಕಾಡಾ ಮತ್ತು ಯಾಸುದಾ 1957ರಲ್ಲಿ ತೋರಿಸಿದರು. ಹಾಗಾದರೆ ಹೊರಗಿನಿಂದ ವಿದ್ಯುತ್ ಕೊಟ್ಟು ಕೂಡದ ಮೂಳೆಯನ್ನು ಕೂಡಿಸಬಹುದೇ ಎಂಬ ಪ್ರಯತ್ನ ಅಲ್ಲಿಂದ ಬೆಳೆದು, 1979ರಲ್ಲಿ ಅಮೆರಿಕದಲ್ಲಿ ಅಂಥ ಉಪಕರಣಗಳಿಗೆ ಅನುಮತಿಯೂ ಸಿಕ್ಕಿತು. ಆದರೆ ಆ ಚಿಕಿತ್ಸೆಯೇ ಬೇರೆ. ಒಂದು ಬಗೆಯಲ್ಲಿ ತಂತಿಯನ್ನು ಆಪರೇಷನ್ ಮಾಡಿ ಮುರಿದ ಜಾಗದಲ್ಲೇ ಹುದುಗಿಸಿ, ಸುಮಾರು 20 ಮೈಕ್ರೋಆಂಪಿಯರ್‌ನಷ್ಟು ಕರೆಂಟನ್ನು ಹಗಲೂ ರಾತ್ರಿ ತಿಂಗಳುಗಟ್ಟಲೆ ಹರಿಸುತ್ತಾರೆ. ಇನ್ನೊಂದರಲ್ಲಿ ಮುರಿದ ಜಾಗದ ಮೇಲೆ ಸುರುಳಿ ಇಟ್ಟು, ಮಿಡಿಯುವ ಕಾಂತಕ್ಷೇತ್ರವನ್ನು ದಿನಕ್ಕೆ ಹಲವು ಗಂಟೆ ಕೊಡುತ್ತಾರೆ. ಇಷ್ಟು ಮಾಡಿದರೂ ಎಲ್ಲರ ಮೂಳೆಯೂ ಕೂಡುವುದಿಲ್ಲ. ಪ್ರಯೋಜನ ಎಷ್ಟು ಎಂಬ ಬಗ್ಗೆ ಮೂಳೆ ತಜ್ಞರಲ್ಲೇ ಒಮ್ಮತವಿಲ್ಲ.

ನಿಮ್ಮ ಮನೆಯಲ್ಲಿ ಕೊಟ್ಟದ್ದು ಸ್ನಾಯುವನ್ನು ಕುಗ್ಗಿಸುವ ಕರೆಂಟ್. ಪ್ಯಾಡಿನ ಕೆಳಗಿರುವ ನರವನ್ನು ಅದು ಕೆರಳಿಸುತ್ತದೆ, ನರ ಸ್ನಾಯುವನ್ನು ಎಳೆಯುತ್ತದೆ. ಸೆಕೆಂಡಿಗೆ 20ರಿಂದ 50 ಸಲ, ಒಂದೊಂದು ಸಲವೂ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ ಹೊತ್ತು. ಕಾಲು ಬಳಸದೆ ಮಲಗಿದವರ ತೊಡೆ ಸೊರಗದಂತೆ, ರಕ್ತ ಓಡಾಡುವಂತೆ ಮಾಡುವುದು ಇದರ ಉದ್ದೇಶ. ನೋವಿಗೆಂದು ಕೊಡುವ ಟೆನ್ಸ್, ಐಎಫ್‌ಟಿ ಎಂಬ ಯಂತ್ರಗಳ ಉದ್ದೇಶ ಇನ್ನೂ ಬೇರೆ, ಅವು ನೋವಿನ ಸುದ್ದಿಯನ್ನು ತಡೆಯಲು ನರಗಳ ಮೇಲೆ ಕೆಲಸ ಮಾಡುತ್ತವೆ. ನಮ್ಮ ಕಡೆ ಎಲ್ಲವನ್ನೂ ಕರೆಂಟ್ ಕೊಡುವುದು ಎಂದೇ ಕರೆಯುವುದರಿಂದ ಈ ಗೊಂದಲ ಹುಟ್ಟುತ್ತದೆ. ಇನ್ನೂ ಒಂದು ಮಾತು ಯೋಚಿಸಿ. ಯಾವ ಕರೆಂಟೂ ಮುಟ್ಟದವರಿಗೂ ಈ ಮೂಳೆ ಬರುತ್ತದೆ. ತಲೆಗೆ ಪೆಟ್ಟಾಗಿ ವಾರಗಟ್ಟಲೆ ಪ್ರಜ್ಞೆಯಿಲ್ಲದೆ ಮಲಗಿದವರಿಗೆ, ಮೈ ಸುಟ್ಟುಕೊಂಡವರ ಮೊಣಕೈಯಲ್ಲಿ, ಸೊಂಟದ ಕೀಲು ಬದಲಿಸಿಕೊಂಡ ಹಿರಿಯರಲ್ಲಿ.

ಇದು ಯಾಕೆ ಬರುತ್ತದೆ ಎಂಬುದರ ಎಳೆ ಸಿಕ್ಕಿದ್ದು 1965ರಲ್ಲಿ. ಅಮೆರಿಕದ ಮೂಳೆ ತಜ್ಞ ಮಾರ್ಷಲ್ ಯೂರಿಸ್ಟ್, ಸುಣ್ಣದ ಅಂಶವನ್ನೆಲ್ಲ ಆಮ್ಲದಲ್ಲಿ ಕರಗಿಸಿ ತೆಗೆದ ಮೂಳೆಯ ಚೂರನ್ನು ಪ್ರಾಣಿಗಳ ಸ್ನಾಯುವಿನೊಳಗೆ ಇಟ್ಟರು. ಕೆಲವು ವಾರಗಳಲ್ಲಿ ಆ ಸ್ನಾಯುವಿನಲ್ಲಿ ಹೊಸ ಮೂಳೆ ಹುಟ್ಟಿತ್ತು. ಆ ಚೂರಿನಲ್ಲಿ ಉಳಿದಿದ್ದ ಪ್ರೋಟೀನುಗಳೇ ಅದಕ್ಕೆ ಕಾರಣ. ಅಂದರೆ ಮೂಳೆಯಾಗಬಲ್ಲ ಕೋಶಗಳು ನಮ್ಮೆಲ್ಲರ ಮಾಂಸದಲ್ಲೂ ಸುಮ್ಮನೆ ಕೂತಿವೆ, ಸರಿಯಾದ ರಾಸಾಯನಿಕ ಸಂಕೇತ ಬಂದರೆ ಮೊದಲು ಮೃದ್ವಸ್ಥಿಯಾಗಿ ಆಮೇಲೆ ಮೂಳೆಯಾಗುತ್ತವೆ. ಬೆನ್ನುಹುರಿಗೆ ದೊಡ್ಡ ಪೆಟ್ಟಾದಾಗ ಮೈಯೆಲ್ಲ ಉರಿಯೂತದ ರಾಸಾಯನಿಕಗಳು ಹರಿದಾಡುತ್ತವೆ, ನರಗಳ ಹಿಡಿತ ತಪ್ಪಿದ ಕಡೆ ಆ ಕೋಶಗಳಿಗೆ ತಪ್ಪು ಸಂಕೇತ ಸಿಗುತ್ತದೆ. ಒತ್ತುಹುಣ್ಣು, ಮೂತ್ರದ ಸೋಂಕು, ಕಾಲು ಸೆಟೆಯುವುದು ಹೆಚ್ಚಿರುವವರಲ್ಲಿ ಇದು ಹೆಚ್ಚು ಕಾಣುತ್ತದೆ. ಹಾಗಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮೂತ್ರದ ನಳಿಕೆಯನ್ನು ಚೊಕ್ಕಟವಾಗಿಡುವುದು ಮುಂದೆಯೂ ತಪ್ಪಬಾರದು. ನೀವು ಮಾಡುತ್ತಿರುವ ಆ ಕೆಲಸವನ್ನು ಮನೆಯಲ್ಲಿ ಯಾರೂ ಗಮನಿಸದೆ ಇರಬಹುದು, ನಾನು ಗಮನಿಸಿದ್ದೇನೆ. ತಿಂಗಳುಗಟ್ಟಲೆ ಮಲಗಿದ ಮನುಷ್ಯನಿಗೆ ಹುಣ್ಣಾಗಿದೆ ಎಂದು ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ.

ಎಣ್ಣೆಯ ವಿಷಯ. ಚರ್ಮದ ಮೇಲೆ ಹಗುರಾಗಿ ಎಣ್ಣೆ ಸವರಿದ್ದರಿಂದ ಸೊಂಟದ ಆಳದಲ್ಲಿ ಮೂಳೆ ಹುಟ್ಟುವುದಿಲ್ಲ, ಇದನ್ನು ನಿಮ್ಮ ಅತ್ತೆಯವರಿಗೆ ಓದಿ ಹೇಳಿ. ಬಲವಂತವಾಗಿ ಎಳೆದು ಮಡಚುವುದು ಮಾತ್ರ ಒಳ್ಳೆಯದಲ್ಲ. 1980ರಲ್ಲಿ ಮೈಕೆಲ್‌ಸನ್ ಎಂಬ ವಿಜ್ಞಾನಿ ಮೊಲಗಳ ಮಂಡಿಯನ್ನು ವಾರಗಟ್ಟಲೆ ಬಿಗಿದು ಕಟ್ಟಿ, ದಿನಕ್ಕೊಮ್ಮೆ ಬಿಚ್ಚಿ ಬಲವಾಗಿ ಮಡಚಿದಾಗ ತೊಡೆಯ ಮಾಂಸದಲ್ಲಿ ಮೂಳೆ ಬೆಳೆದದ್ದನ್ನು ತೋರಿಸಿದರು. ನಮ್ಮಲ್ಲಿ ಇದಕ್ಕೆ ಸಾಕ್ಷಿ ಬೇಕೆಂದರೆ ಮಕ್ಕಳ ಮೊಣಕೈ ನೋಡಬೇಕು. ಬಿದ್ದು ಮೊಣಕೈ ಉಳುಕಿದ ಮಗುವನ್ನು ಕಟ್ಟು ಕಟ್ಟುವವರ ಹತ್ತಿರ ಕರೆದೊಯ್ದು, ಊತ ಇರುವಾಗಲೇ ಗಟ್ಟಿಯಾಗಿ ತಿಕ್ಕಿಸಿ, ಎಳೆಸಿ, ಕೊನೆಗೆ ಕೈ ಬಾಯಿಗೆ ತರಲಾರದ ಸ್ಥಿತಿಯಲ್ಲಿ ಆಸ್ಪತ್ರೆಗೆ ತರುವುದು ಕರ್ನಾಟಕದಲ್ಲಿ ಇನ್ನೂ ನಿಂತಿಲ್ಲ. ಪೆಟ್ಟಾದ ಮೊಣಕೈಯನ್ನು ತಿಕ್ಕಬಾರದು ಎಂಬುದು ಮೂಳೆ ವೈದ್ಯರು ಓದುವ ದಿನಗಳಲ್ಲೇ ಕಲಿಯುವ ಪಾಠ. ಈ ಅಂಕಣ ಓದುತ್ತಿರುವ ತಂದೆತಾಯಂದಿರಿಗೂ ಇದನ್ನೇ ಕೈಮುಗಿದು ಹೇಳುತ್ತೇನೆ.

ನಿಮ್ಮ ಯಜಮಾನರ ಕಾಲು ಆಗಲೇ ಗಟ್ಟಿಯಾಗುತ್ತಿತ್ತು, ಅದಕ್ಕೇ ನೀವು ಎಳೆದಿರಿ. ಅಂದರೆ ಒಳಗೆ ಮೂಳೆ ಅಷ್ಟರಲ್ಲೇ ಶುರುವಾಗಿತ್ತು. ನೀವು ಎಳೆಯುವ ಮೊದಲೇ ಅದು ಇತ್ತು ಎಂದು ನಿಮ್ಮ ಪತ್ರದಲ್ಲಿರುವ ಕ್ರಮವೇ ಹೇಳುತ್ತದೆ. ಇನ್ನು ಮುಂದೆ ಹೇಗೆ ಮಾಡಬೇಕೆಂದರೆ, ಒಂದು ಕೈ ಮಂಡಿಯ ಕೆಳಗೆ, ಇನ್ನೊಂದು ಹಿಮ್ಮಡಿಯ ಕೆಳಗೆ ಇಟ್ಟು, ನಿಧಾನವಾಗಿ ಮಂಡಿಯನ್ನು ಎದೆಯ ಕಡೆ ತನ್ನಿ. ಅವರಿಗೆ ನೋವು ಗೊತ್ತಾಗುವುದಿಲ್ಲ, ಸಾಕು ಎನ್ನಲು ಅವರಿಂದ ಆಗದು. ಹಾಗಾಗಿ ನಿಮ್ಮ ಕೈಗೆ ತಡೆ ಸಿಕ್ಕ ಕೂಡಲೇ ನಿಲ್ಲಿಸಬೇಕು. ಅಲ್ಲಿ ಒಂದೆರಡು ಕ್ಷಣ ಹಿಡಿದು ಹಿಂದಕ್ಕೆ ತನ್ನಿ. ತಡೆಯನ್ನು ದಾಟಲು ಹೋಗಬೇಡಿ. ಕಾಲಿನ ಮೂಳೆಗಳು ಬಳಕೆಯಿಲ್ಲದೆ ತೆಳುವಾಗಿರುತ್ತವೆ, ಜೋರು ಮಾಡಿದರೆ ತೊಡೆಮೂಳೆಯೇ ಮುರಿಯಬಹುದು. ಆದರೆ ಅಲ್ಲಾಡಿಸುವುದನ್ನು ಪೂರ್ತಿ ನಿಲ್ಲಿಸಿದರೆ ಕೀಲು ಇದ್ದಲ್ಲೇ ಬಿಗಿಯುತ್ತದೆ. ಫಿಸಿಯೋದವರನ್ನು ಬೇಡ ಎಂದದ್ದೊಂದೇ ನಿಮ್ಮ ಪತ್ರದಲ್ಲಿ ನನಗೆ ಒಪ್ಪಿಗೆಯಾಗದ ನಿರ್ಧಾರ.

ಕರೆಂಟ್ ಮತ್ತೆ ಕೊಡಬಹುದೇ? ಊತ, ಬಿಸಿ ಇರುವಷ್ಟು ದಿನ ಆ ತೊಡೆಗೆ ಬೇಡ. ಕೆರಳಿರುವ ಮಾಂಸವನ್ನು ಯಾವ ರೀತಿಯಲ್ಲೂ ಕೆಣಕದಿರುವುದು ಲೇಸು. ಕಾವು ಕೊಡುವುದು, ಬಿಸಿನೀರಿನ ಚೀಲ ಇಡುವುದು ಅವರ ಕಾಲಿನ ಹತ್ತಿರವೂ ಸುಳಿಯಬಾರದು, ಸ್ಪರ್ಶವಿಲ್ಲದ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಊತ ಇಳಿದು, ಮೂಳೆಯ ಬೆಳವಣಿಗೆ ತಣ್ಣಗಾಗಿದೆ ಎಂದು ವೈದ್ಯರು ಹೇಳಿದ ಮೇಲೆ ಸ್ನಾಯುವಿಗೆ ಕರೆಂಟ್ ಕೊಡಲು ನನ್ನ ಆಕ್ಷೇಪವಿಲ್ಲ. ಪ್ರತಿ ಸಲ ಪ್ಯಾಡ್ ತೆಗೆದಾಗ ಚರ್ಮ ಕೆಂಪಾಗಿದೆಯೇ, ಗುಳ್ಳೆ ಎದ್ದಿದೆಯೇ ಎಂದು ನೋಡಿ. ಬೆನ್ನಿನ ರಾಡಿನಿಂದ ತೊಡೆಯ ಪ್ಯಾಡಿಗೆ ಅಡ್ಡಿಯಿಲ್ಲ. ಆದರೆ ಡಯಾಥರ್ಮಿ ಎಂಬ ಶಾಖದ ಯಂತ್ರವನ್ನು ಮಾತ್ರ ಲೋಹ ಇರುವವರ ಮೇಲೆ ಬಳಸಬಾರದು. ಪೆಟ್ಟು ಎದೆಯ ಮಟ್ಟದಲ್ಲಿ, ಅಂದರೆ ಡಿ-6 ಅಥವಾ ಅದಕ್ಕಿಂತ ಮೇಲೆ ಆದವರಿಗೆ ಕರೆಂಟ್ ಕೊಡುವಾಗ ಬಿ.ಪಿ. ದಿಢೀರನೆ ಏರುವ ಅಪಾಯವಿದೆ. ನಿಮ್ಮವರದು ಹೊಕ್ಕುಳದ ಮಟ್ಟ ಆದ್ದರಿಂದ ಆ ಭಯ ಕಡಿಮೆ.

ತೊಡೆ ಮಿಡಿದದ್ದನ್ನು ನೋಡಿ ಆಸೆ ಬಂತು ಎಂದಿರಿ. ಇದನ್ನು ಬರೆಯಲು ನನಗೂ ಕಷ್ಟ, ಆದರೂ ನಿಮಗೆ ನಿಜ ತಿಳಿದಿರಬೇಕು. ಆ ಮಿಡಿತ ಯಂತ್ರದ್ದು. ಮಿದುಳಿನಿಂದ ಬಂದ ಅಪ್ಪಣೆ ಅಲ್ಲಿಗೆ ತಲುಪಿತು ಎಂದು ಅದರ ಅರ್ಥವಲ್ಲ. ಸ್ನಾಯು ಮತ್ತು ಅದರ ನರ ಬದುಕಿವೆ ಎಂದಷ್ಟೇ ಅದು ತಿಳಿಸುತ್ತದೆ. ಕರೆಂಟ್ ನಿಲ್ಲಿಸಿದ್ದರಿಂದ ನಡೆಯುವ ಅವಕಾಶ ಕೈತಪ್ಪಿತು ಎಂದು ನೀವಾಗಲಿ ಅವರಾಗಲಿ ಕೊರಗಬಾರದು. ಅವರು ಗೋಡೆಗೆ ಮುಖ ಮಾಡಿ ಮಲಗಲು ಬಹುಶಃ ಈ ಆಸೆ ಮುರಿದದ್ದೂ ಒಂದು ಕಾರಣ.

ಇದು ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗಿ ತಿರುಗುತ್ತದೆ ಎಂಬ ಭಯವೂ ಬೇಡ. ಯಾರಾದರೂ ಸಂಶಯಪಟ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸೋಣ ಎಂದರೆ, ಬೆನ್ನುಹುರಿಯ ಕಥೆಯನ್ನು ಮರೆಯದೆ ಹೇಳಿ. ಹೊಸದಾಗಿ ಬೆಳೆಯುತ್ತಿರುವ ಇಂಥ ಮೂಳೆ ಸೂಕ್ಷ್ಮದರ್ಶಕದಲ್ಲಿ ಕ್ಯಾನ್ಸರಿನಂತೆಯೇ ತೋರಿ ದಾರಿ ತಪ್ಪಿಸಬಹುದು.

ಹಾಲು ಕೊಡಿ. ಆಹಾರದ ಕ್ಯಾಲ್ಸಿಯಂ ಹೋಗಿ ಮಾಂಸದಲ್ಲಿ ಕೂತದ್ದಲ್ಲ ಇದು. ಕಾಲಿನ ಮೂಳೆ ಸವೆಯುತ್ತಿರುವ ಮನುಷ್ಯನಿಗೆ ಹಾಲು, ರಾಗಿ, ಮೊಟ್ಟೆ ತಪ್ಪಿಸುವುದು ಸರಿಯಲ್ಲ. ಮಾತ್ರೆ ಬೇಕೇ ಬೇಡವೇ ಎಂಬುದನ್ನು ಮಾತ್ರ ವೈದ್ಯರು ಹೇಳಲಿ, ಮಲಗಿದವರಿಗೆ ಮೂತ್ರಕೋಶದಲ್ಲಿ ಕಲ್ಲಾಗುವ ಸಾಧ್ಯತೆ ಇರುವುದರಿಂದ.

ಔಷಧಿಗೆ ಬಂದರೆ, ಬೆಳವಣಿಗೆ ಚುರುಕಾಗಿರುವಾಗ ಇಂಡೊಮೆಥಾಸಿನ್‌ನಂಥ ಉರಿಯೂತದ ಮಾತ್ರೆ ಅಥವಾ ಎಟಿಡ್ರೋನೇಟ್ ಗುಂಪಿನ ಔಷಧಿ ಕೊಡುವುದುಂಟು. ಹೊಟ್ಟೆ, ಮೂತ್ರಪಿಂಡ ನೋಡಿಯೇ ಕೊಡಬೇಕಾದವು, ಅಂಗಡಿಯಿಂದ ನೀವೇ ತರಬೇಡಿ. ರಕ್ತದಲ್ಲಿ ಅಲ್ಕಲೈನ್ ಫಾಸ್ಫಟೇಸ್ ಎಷ್ಟಿದೆ ಎಂದು ನೋಡಿದರೆ ಬೆಳವಣಿಗೆ ಇನ್ನೂ ನಡೆಯುತ್ತಿದೆಯೇ ಎಂಬ ಅಂದಾಜು ಸಿಗುತ್ತದೆ. ಆದರೆ ಮೂಳೆ ಮುರಿದು ಆಪರೇಷನ್ ಆದವರಲ್ಲಿ ಅದು ಬೇರೆ ಕಾರಣಕ್ಕೂ ಏರಿರಬಹುದು, ಆ ಒಂದು ಸಂಖ್ಯೆಗೆ ಗಾಬರಿಯಾಗಬೇಡಿ.

ಕೊಯ್ದು ತೆಗೆಯುವುದು ಈಗಂತೂ ಅಲ್ಲ. ಮೂಳೆ ಬಲಿತು ಬೆಳವಣಿಗೆ ನಿಲ್ಲುವವರೆಗೆ, ಸಾಮಾನ್ಯವಾಗಿ 12ರಿಂದ 18 ತಿಂಗಳು ಕಾಯುವುದು ರೂಢಿ. ಆಮೇಲೂ ಎಲ್ಲರಿಗೆ ಬೇಕಾಗುವುದಿಲ್ಲ. ಗಾಲಿಕುರ್ಚಿಯಲ್ಲಿ ಕೂರಲು ಆಗದಿದ್ದರೆ, ತೊಡೆಸಂದು ತೊಳೆಯಲು ಕಾಲು ಅಗಲಿಸಲಾಗದಿದ್ದರೆ, ಮೂಳೆ ಒತ್ತಿ ಹುಣ್ಣಾಗುತ್ತಿದ್ದರೆ ಮಾತ್ರ ಆಪರೇಷನ್ ಮಾಡುತ್ತಾರೆ. ರಕ್ತ ಬಹಳ ಹೋಗುತ್ತದೆ, ಮೂಳೆ ಮತ್ತೆ ಬೆಳೆಯುವುದೂ ಇದೆ. ಹಾಗಾಗಿ ಈ ಕೆಲಸ ಮಾಡಿ ಅನುಭವ ಇರುವ ಕಡೆಯೇ ಹೋಗಬೇಕು. ಎರಡು ವಾರದಲ್ಲಿ ಸರಿ ಮಾಡುತ್ತೇವೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಇದನ್ನು ಓದುವ ಬೇರೆಯವರಿಗಾಗಿ ಒಂದು ಮಾತು. ಹುಟ್ಟುವಾಗಲೇ ಕಾಲಿನ ಹೆಬ್ಬೆರಳು ಗಿಡ್ಡವಾಗಿ, ಒಳಕ್ಕೆ ಬಾಗಿದ್ದು, ಆಮೇಲೆ ಸಣ್ಣ ಪೆಟ್ಟಿಗೂ ಬೆನ್ನು, ಕುತ್ತಿಗೆಯಲ್ಲಿ ಗಟ್ಟಿ ಗಂಟು ಏಳುವ ಮಕ್ಕಳಿದ್ದರೆ ಅದು ಬೇರೆಯೇ ಕಾಯಿಲೆ, ಎಫ್‌ಒಪಿ. ಬಹಳ ಅಪರೂಪ, ಹತ್ತು ಇಪ್ಪತ್ತು ಲಕ್ಷಕ್ಕೆ ಒಬ್ಬರಿಗೆ ಬರುವಂಥದ್ದು. ಅದಕ್ಕೆ ಎಸಿವಿಆರ್-1 ಎಂಬ ಜೀನಿನ ದೋಷ ಕಾರಣ ಎಂದು 2006ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ ಕಂಡುಹಿಡಿಯಿತು. ಅಂಥ ಮಗುವಿಗೆ ಸ್ನಾಯುವಿಗೆ ಚುಚ್ಚುವ ಇಂಜೆಕ್ಷನ್ ಕೊಟ್ಟರೂ, ಗಂಟಿನಿಂದ ಚೂರು ತೆಗೆದರೂ ಅಲ್ಲೇ ಮೂಳೆ ಬೆಳೆಯುತ್ತದೆ. ಹೆಬ್ಬೆರಳನ್ನು ನೋಡಿಯೇ ಗುರುತು ಹಿಡಿಯಬಹುದು. ಸಾಗರದ ತಂಗಿಯ ಮನೆಯಲ್ಲಿರುವುದು ಇದಲ್ಲ.

ಈಗ ಆ ಗೋಡೆಗೆ ತಿರುಗಿದ ಮನುಷ್ಯನ ವಿಷಯ. ಅವರಿಗೆ ನಿಮ್ಮ ಮಾತಿಗಿಂತ, ನನ್ನ ಮಾತಿಗಿಂತ, ಅದೇ ಸ್ಥಿತಿಯಿಂದ ಎದ್ದು ಕೂತವರ ಮಾತು ಹಿಡಿಸುತ್ತದೆ. ದಕ್ಷಿಣ ಕನ್ನಡದ ಕೊಕ್ಕಡ ಹತ್ತಿರದ ಸೌತಡ್ಕದಲ್ಲಿ ಸೇವಾಧಾಮ ಎಂಬ ಬೆನ್ನುಹುರಿ ಪೆಟ್ಟಾದವರ ಪುನಶ್ಚೇತನ ಕೇಂದ್ರವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನ ವಿಭಾಗವಿದೆ. ವೆಲ್ಲೂರಿನ ಸಿಎಂಸಿಯ ಪುನಶ್ಚೇತನ ಸಂಸ್ಥೆ 1966ರಲ್ಲಿ ಶುರುವಾದದ್ದು, ಅದರ ಹಿಂದೆ ಇದ್ದವರು ಡಾ. ಮೇರಿ ವರ್ಗೀಸ್. 1954ರಲ್ಲಿ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳ ಸ್ವಾಧೀನ ಕಳೆದುಕೊಂಡು, ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗೆ ಶಸ್ತ್ರಚಿಕಿತ್ಸೆ ಮಾಡಿದ ಹೆಣ್ಣುಮಗಳು. ನಿಮ್ಮವರಿಗೆ ಬೋಧನೆ ಮಾಡಲು ಇದನ್ನು ಹೇಳುತ್ತಿಲ್ಲ. ಸೊಂಟದ ಕೀಲು ಎಷ್ಟು ಮಡಚಿದರೆ ಕುರ್ಚಿಯಲ್ಲಿ ಕೂರಬಹುದು, ಮಂಚದಿಂದ ಕುರ್ಚಿಗೆ ಹೇಗೆ ಜಾರಬಹುದು, ತೋಟದ ಲೆಕ್ಕ, ಅಡಿಕೆ ಮಂಡಿಯ ವ್ಯವಹಾರ ಮನೆಯಿಂದಲೇ ಹೇಗೆ ನೋಡಬಹುದು ಎಂದು ಅವರು ಅಂಥವರಿಂದ ಕೇಳಿ ತಿಳಿಯಲಿ. ಊಟ ಬಿಟ್ಟರೆ, ಸಾಯುವ ಮಾತಾಡಿದರೆ, ಅದನ್ನು ಬೇಸರ ಎಂದು ಬಿಡದೆ ಮನೋವೈದ್ಯರಿಗೆ ತೋರಿಸಿ. ಅಂಗವಿಕಲರ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿರದಿದ್ದರೆ ಹಾಕಿ, ಮಾಸಾಶನಕ್ಕೂ ಸಲಕರಣೆಗೂ ಅದು ಬೇಕಾಗುತ್ತದೆ.

ತೊಡೆ ಮತ್ತೆ ಒಮ್ಮೆಲೇ ಊದಿಕೊಂಡರೆ, ಅದರ ಜೊತೆ ಉಸಿರು ಕಟ್ಟಿದರೆ, ಮೂಳೆಯದ್ದೇ ಇರಬೇಕು ಎಂದು ಕಾಯಬೇಡಿ, ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ. ಉಳಿದಂತೆ ಈ ವಾರ ಮಾಡಬೇಕಾದ್ದು ಇಷ್ಟು. ಮೊದಲಿನಿಂದ ತೆಗೆಸಿದ ಎಕ್ಸ್‌ರೇಗಳನ್ನೆಲ್ಲ ತಾರೀಖಿನಂತೆ ಜೋಡಿಸಿಕೊಂಡು ಒಬ್ಬ ಪುನಶ್ಚೇತನ ವೈದ್ಯರನ್ನು ನೋಡಿ. ಫಿಸಿಯೋದವರಿಗೆ ಫೋನ್ ಮಾಡಿ ಮತ್ತೆ ಬರಹೇಳಿ, ಎಕ್ಸ್‌ರೇ ತೋರಿಸಿ, ಎಲ್ಲಿಯವರೆಗೆ ಮಡಚಬೇಕು ಎಂದು ಅವರ ಎದುರಿಗೇ ಕಲಿತುಕೊಳ್ಳಿ. ಮೈದುನನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿ, ದಿನಕ್ಕೊಂದು ಹೊತ್ತು ಆ ಕೆಲಸ ಅವನು ಮಾಡಲಿ, ನೀವು ಆ ಹೊತ್ತು ಮಲಗಿ.